ಎಡ ಶ್ವಾಸಕೋಶದಲ್ಲಿ ಒಂದು ಶೇಂಗಾ ಬೀಜ

ನಾನು ಹಾವೇರಿ ಜಿಲ್ಲೆಯ ಒಂದು ಸರಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ನಾವೂ ಅವರ ಜೊತೆ ನೆಲದ ಮೇಲೇ ಕೂರಬೇಕು. ಒಂದು ಗುಂಪಿಗೆ ಹೇಳಿಕೊಟ್ಟು, ಎದ್ದು, ಇನ್ನೊಂದು ಗುಂಪಿನ ಹತ್ತಿರ ಹೋಗಿ ಮತ್ತೆ ಕೂರಬೇಕು. ದಿನಕ್ಕೆ ಎಷ್ಟು ಸಲ ಕೂತು ಎದ್ದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಹದಿಮೂರು ವರ್ಷ ನಾನೂ ಇಟ್ಟಿರಲಿಲ್ಲ. 2022ರ ಆಗಸ್ಟಿನಲ್ಲಿ ಒಂದು ದಿನ ಕೂತವಳಿಗೆ ಏಳಲು ಆಗಲಿಲ್ಲ.

ನೋವು ಇರಲಿಲ್ಲ. ಕಾಲು ಜೋಮು ಹಿಡಿದಿರಲಿಲ್ಲ. ಏಳಬೇಕು ಅಂತ ಮನಸ್ಸು ಮಾಡಿದರೆ ತೊಡೆ ಮಾತು ಕೇಳಲಿಲ್ಲ, ಅಷ್ಟೇ. ನೆಲಕ್ಕೆ ಕೈ ಊರಿದೆ, ಗೋಡೆ ಹಿಡಿದೆ. ಎರಡನೇ ತರಗತಿಯ ಇಬ್ಬರು ಹುಡುಗಿಯರು ಬಂದು ಒಂದೊಂದು ಕೈ ಹಿಡಿದು ಜಗ್ಗಿದರು. "ಅಕ್ಕೋರ, ಜೋರ್ ಹಾಕ್ರಿ" ಅಂದಳು ಒಬ್ಬಳು. ಅವತ್ತಿನಿಂದ ಅದು ಅವರಿಬ್ಬರ ದಿನದ ಕೆಲಸವಾಯಿತು. ನಾನು ಕೈ ಚಾಚಿದರೆ ಸಾಕು, ಪಾಟಿ ಬಿಟ್ಟು ಓಡಿ ಬರುತ್ತಿದ್ದರು.

ಅದಕ್ಕೂ ಮುಂಚೆಯೇ ಮುಖ ದುಂಡಗಾಗಿತ್ತು. ಬೇಸಿಗೆ ರಜೆ ಮುಗಿಸಿ ಬಂದಾಗ "ತವರುಮನಿ ಊಟ ಮೈಗೆ ಹತ್ತೇತಿ" ಅಂದರು ಎಲ್ಲರೂ. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಹೊಟ್ಟೆ ಬಂತು. ಕತ್ತಿನ ಹಿಂದೆ ಸಣ್ಣ ದಿಂಬಿನ ಹಾಗೆ ಕೊಬ್ಬು ಕೂತಿತು. ಆದರೆ ಕೈಕಾಲು ಸಣ್ಣಗಾಗುತ್ತಾ ಹೋದವು. ಒಂದೇ ಕುಪ್ಪಸ ತೋಳಿನಲ್ಲಿ ಸಡಿಲ, ಬೆನ್ನಿನಲ್ಲಿ ಬಿಗಿ. ಬಟ್ಟೆ ಹೊಲಿಯುವ ಹುಡುಗಿ ನನ್ನ ಅಳತೆ ತೆಗೆಯುವಾಗ ಎರಡೆರಡು ಸಲ ಟೇಪ್ ಹಿಡಿದಳು. ದಪ್ಪ ಆಗುವವರು ಹೀಗೆ ಆಗುವುದಿಲ್ಲ ಅಂತ ಅವಳಿಗೆ ಅನಿಸಿರಬೇಕು. ನನಗೆ ಅನಿಸಲಿಲ್ಲ.

ಬಳೆ ತಾಗಿದ ಕಡೆಯೆಲ್ಲ ನೀಲಿ ಕಲೆ. ಹೊಟ್ಟೆಯ ಎರಡೂ ಬದಿಗೆ ಬೆರಳಗಲದ ನೇರಳೆ ಗೆರೆಗಳು. ಮಗಳು ಹುಟ್ಟಿದಾಗ ಬಂದ ಗೆರೆಗಳು ಬಿಳಿಯಾಗಿ ಮಾಸಿಹೋಗಿದ್ದವು. ಇವು ಹಣ್ಣಾದ ನೇರಳೆ ಬಣ್ಣದವು. ಗದ್ದದ ಮೇಲೆ ಕೂದಲು ಬಂತು. ಬೆಳಗ್ಗೆ ಯಾರೂ ಏಳುವ ಮುಂಚೆ ಬಚ್ಚಲಿನಲ್ಲಿ ಕನ್ನಡಿ ಹಿಡಿದು ಚಿಮಟದಿಂದ ಕೀಳುತ್ತಿದ್ದೆ. ಮುಟ್ಟು ನಿಂತಿತು. ಮೂವತ್ತೇಳಕ್ಕೆ ಮುಟ್ಟು ನಿಲ್ಲುತ್ತಾ ಅಂತ ಕೇಳಿದರೆ, "ಕೆಲವರಿಗೆ ಹಂಗ ಬೇಗ ನಿಲ್ತೇತಿ" ಅಂದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮುಗಿಯಿತು, ಬೆಳಗಿನ ತನಕ ನಿದ್ದೆ ಇಲ್ಲ.

ಒಂದೊಂದು ತೊಂದರೆಗೆ ಒಂದೊಂದು ಗುಳಿಗೆ ಬಂತು. ಬಿಪಿ 170 ಇತ್ತು, ಅದಕ್ಕೆ ಎರಡು. ಶುಗರ್ ಬಂತು, ಅದಕ್ಕೆ ಒಂದು. ನಿದ್ದೆಗೆ ಒಂದು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿ ಇತ್ತು. ಎದೆಯ ಎಕ್ಸ್-ರೇ ಕೂಡ ಒಮ್ಮೆ ತೆಗೆಸಿದ್ದರು, ನಾರ್ಮಲ್ ಅಂತ ಬಂತು. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ತೂಕ ಇಳಿಸಿ, ವಾಕ್ ಮಾಡಿ, ಅನ್ನ ಬಿಡಿ. ಬಿಟ್ಟೆ. ಎರಡು ಹೊತ್ತೂ ಜೋಳದ ರೊಟ್ಟಿ, ಪಲ್ಯ. ಬೆಳಗ್ಗೆ ಐದೂವರೆಗೆ ರಸ್ತೆಯ ಮೇಲೆ ನಡೆದೆ. ಎರಡು ಸಲ ಕಾಲು ಕುಸಿದು ಬಿದ್ದೆ. ತೂಕ ಮಾತ್ರ ಇಳಿಯಲಿಲ್ಲ. ಆಗ ಮನೆಯವರೂ, ನನ್ನವ್ವನೂ ನಾನು ಕದ್ದು ತಿನ್ನುತ್ತೇನೆ ಅಂತ ಅನುಮಾನ ಪಟ್ಟರು. ಕಾಯಿಲೆಗಿಂತ ಅದು ಜಾಸ್ತಿ ನೋಯಿಸಿತು. ಈಗಲೂ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

2023ರ ಜನವರಿ ಕೊನೆಗೆ ಒಂದು ಬೆಳಗ್ಗೆ ಹಾಸಿಗೆಯಿಂದಲೇ ಏಳಲಾಗಲಿಲ್ಲ. ಕುತ್ತಿಗೆ ಎತ್ತುವುದೂ ಕಷ್ಟವಾಯಿತು. ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ರಕ್ತದಲ್ಲಿ ಪೊಟ್ಯಾಸಿಯಂ 2.3 ಇತ್ತು. 3.5ರ ಮೇಲಿರಬೇಕಂತೆ. ಅಷ್ಟು ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು ಅಂತ ತಕ್ಷಣ ಡ್ರಿಪ್ ಹಾಕಿದರು. ಮರುದಿನ ರೌಂಡ್ಸ್‌ಗೆ ಬಂದ ಹಿರಿಯ ಡಾಕ್ಟರು ರಿಪೋರ್ಟ್ ನೋಡುವ ಮುಂಚೆ ನನ್ನನ್ನು ನೋಡಿದರು. ಸೀರೆಯ ಸೆರಗು ಸರಿಸಿ ಹೊಟ್ಟೆಯ ಗೆರೆ ನೋಡಿದರು. ಮುಂಗೈಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದರು; ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. "ಕುಕ್ಕರಗಾಲಿಲೆ ಕುಂತು, ಕೈ ಊರಲಾರದ ಏಳ್ರಿ ನೋಡೂಣು" ಅಂದರು. ಆಗಲಿಲ್ಲ. ಆಮೇಲೆ ಕೇಳಿದ್ದು ನನಗೆ ಮರೆಯುವುದಿಲ್ಲ: "ಒಂದೆರಡು ವರ್ಷದ ಹಿಂದಿಂದು ಫೋಟೋ ಐತೇನ್ರಿ?"

ನಮ್ಮ ಮನೆಯವರು ಫೋನಿನಲ್ಲಿ ತಂಗಿ ಮದುವೆಯ ಫೋಟೋ ತೆಗೆದು ತೋರಿಸಿದರು. ಡಾಕ್ಟರು ಫೋನನ್ನು ನನ್ನ ಮುಖದ ಪಕ್ಕ ಹಿಡಿದು ಎರಡನ್ನೂ ನೋಡಿದರು. ಆ ಫೋಟೋ ಎರಡು ವರ್ಷದಿಂದ ನಮ್ಮ ಕೈಯಲ್ಲೇ ಇತ್ತು. ಪಕ್ಕದಲ್ಲಿಟ್ಟು ನೋಡುವ ಯೋಚನೆ ನಮಗ್ಯಾರಿಗೂ ಬಂದಿರಲಿಲ್ಲ.

ಮೊದಲು ಅವರು ಕೇಳಿದ್ದು ಸ್ಟೀರಾಯ್ಡ್ ಬಗ್ಗೆ. ಮಂಡಿನೋವಿಗೆ ಪುಡಿ, ದಮ್ಮಿಗೆ ನಾಟಿ ಔಷಧ, ಮುಖಕ್ಕೆ ಬೆಳ್ಳಗಾಗುವ ಕ್ರೀಮು, ವಾರಕ್ಕೊಂದು ಇಂಜೆಕ್ಷನ್, ಏನಾದರೂ? ಈ ತರಹ ಮುಖ ಊದಿಸಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಕಾರಣ ಹೊರಗಿನಿಂದ ತಗೊಂಡ ಸ್ಟೀರಾಯ್ಡೇ ಅಂತೆ. ನಾನು ಏನೂ ತಗೊಂಡಿರಲಿಲ್ಲ. ಹಾಗಿದ್ದರೆ ನಿಮ್ಮ ಮೈಯೇ ಅದನ್ನು ಅತಿಯಾಗಿ ತಯಾರಿಸುತ್ತಿದೆ, ಇದಕ್ಕೆ ಕುಶಿಂಗ್ ಸಿಂಡ್ರೋಮ್ ಅನ್ನುತ್ತಾರೆ, ಬೆಂಗಳೂರಿಗೆ ಹೋಗಿ ಹಾರ್ಮೋನ್ ಡಾಕ್ಟರನ್ನು ನೋಡಿ ಅಂದರು. ಹೆಸರು ಕೇಳಿ ನನಗೆ ಭಯ ಆಗಲಿಲ್ಲ. ಅಳು ಬಂತು. ನಾನು ಕದ್ದು ತಿಂದಿರಲಿಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ.

ಫೆಬ್ರವರಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಲೋವರ್ ಬರ್ತ್ ಸಿಕ್ಕಿತ್ತು, ಆದರೂ ಬಾಗಿಲಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾಯಿತು. ಬೆಂಗಳೂರಿನ ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಎರಡು ಕಿಡ್ನಿಗಳ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಅಡ್ರಿನಲ್ ಅನ್ನುವ ಗ್ರಂಥಿಗಳಿವೆ. ಮೈ ತಾನೇ ತಯಾರಿಸುವ ಸ್ಟೀರಾಯ್ಡಾದ ಕಾರ್ಟಿಸಾಲ್ ಹುಟ್ಟುವುದು ಅಲ್ಲಿ. ಎಷ್ಟು ತಯಾರಿಸಬೇಕು ಅಂತ ಹೇಳುವುದು ಮೆದುಳಿನ ಬುಡದಲ್ಲಿರುವ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ. ಅದು ಎಸಿಟಿಎಚ್ ಅನ್ನುವ ಹಾರ್ಮೋನು ಕಳಿಸಿ ಅಡ್ರಿನಲ್‌ಗೆ ಹೇಳುತ್ತದೆ. ಕಾರ್ಟಿಸಾಲ್ ಇಲ್ಲದೆ ಯಾರೂ ಬದುಕುವುದಿಲ್ಲ. ಜಾಸ್ತಿಯಾದರೆ ಮಾಂಸಖಂಡ ಕರಗಿಸುತ್ತದೆ, ಎಲುಬು ಸವೆಸುತ್ತದೆ, ಚರ್ಮ ತೆಳ್ಳಗೆ ಮಾಡುತ್ತದೆ, ಶುಗರ್ ಬಿಪಿ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ. ನನ್ನ ಐದಾರು ಗುಳಿಗೆಗಳೂ ಆ ಒಂದೇ ಹಾಳೆಯಲ್ಲಿ ಬಂದು ಕೂತವು.

ಪರೀಕ್ಷೆಗಳು ಶುರುವಾದವು. ರಾತ್ರಿ ಹನ್ನೊಂದಕ್ಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡನ್ನು 1 ಮಿ.ಗ್ರಾಂ ನುಂಗಿ, ಬೆಳಗ್ಗೆ ಎಂಟಕ್ಕೆ ರಕ್ತ ಕೊಡುವುದು. ಸರಿ ಇರುವ ಮೈ ಆಗ ತನ್ನ ಕಾರ್ಟಿಸಾಲನ್ನು ನಿಲ್ಲಿಸಿಬಿಡುತ್ತದೆ, 1.8ಕ್ಕಿಂತ ಕೆಳಗೆ ಬರುತ್ತದೆ. ನನ್ನದು 29 ಇತ್ತು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಐದು ಲೀಟರಿನ ಕ್ಯಾನಿನಲ್ಲಿ ಹಿಡಿಯಬೇಕಿತ್ತು. ನಾವು ಉಳಿದಿದ್ದದ್ದು ಮನೆಯವರ ಅಕ್ಕನ ಮನೆಯಲ್ಲಿ, ಎರಡು ಕೋಣೆ, ಆರು ಜನ. ಕ್ಯಾನನ್ನು ಎಲ್ಲಿ ಇಡುವುದು ಅಂತ ನಾನು ಮುದುಡಿ ಹೋದೆ. ಅಕ್ಕ ತಾವೇ ಬಚ್ಚಲಿನ ಮೂಲೆಯಲ್ಲಿ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಕ್ಯಾನಿಟ್ಟು, ಹಳೆ ಟವೆಲ್ ಮುಚ್ಚಿದರು. "ನಿನ್ನ ರಕ್ತ ಆದರೇನು, ಇದಾದರೇನು, ಎಲ್ಲಾ ಪರೀಕ್ಷೆಗೇ ತಾನೆ" ಅಂದರು. ಎಸಿಟಿಎಚ್ ರಕ್ತವನ್ನು ಮಾತ್ರ ತೆಗೆದ ಕೂಡಲೇ ಐಸಿನಲ್ಲಿಟ್ಟು ಲ್ಯಾಬಿಗೆ ಓಡಬೇಕು, ಇಲ್ಲದಿದ್ದರೆ ಹಾಳಾಗುತ್ತದೆ. ನನ್ನದು 142. ಮೇಲಿನ ಮಿತಿ 60ರ ಆಸುಪಾಸು. ಬೆರಳಿನ ಗೆಣ್ಣುಗಳು ಯಾಕೆ ಕಪ್ಪಾಗಿದ್ದವು ಅಂತಲೂ ಆಗ ಗೊತ್ತಾಯಿತು. ಎಸಿಟಿಎಚ್ ಅಷ್ಟು ಏರಿದರೆ ಚರ್ಮದ ಬಣ್ಣವೂ ಏರುತ್ತದೆ.

ಅಂದರೆ ಅಡ್ರಿನಲ್ ತಪ್ಪಲ್ಲ. ಅದಕ್ಕೆ ಯಾರೋ ಬಿಡುವಿಲ್ಲದೆ ಹೇಳುತ್ತಿದ್ದಾರೆ. ಯಾರು?

ತಲೆಯ ಎಂಆರ್‌ಐ ಆಯಿತು. ಪಿಟ್ಯುಟರಿಯಲ್ಲಿ 3 ಮಿ.ಮೀ. ಚುಕ್ಕೆ ಇದೆ ಅಂತ ಬಂತು. ಸಿಕ್ಕಿತಲ್ಲ ಅಂತ ನಮಗೆಲ್ಲ ಸಮಾಧಾನ. ಪರಿಚಯದವರ ಮೂಲಕ ಇನ್ನೊಂದು ಕಡೆ ರಿಪೋರ್ಟ್ ತೋರಿಸಿದೆವು. ಅಲ್ಲಿ ಹೆಚ್ಚು ಮಾತಿಲ್ಲದೆ, ಮೂಗಿನ ಮೂಲಕ ಆಪರೇಷನ್ ಮಾಡಿ ತೆಗೆಯೋಣ, ಮುಂದಿನ ವಾರವೇ ಬನ್ನಿ ಅಂದರು. ಮನೆಯವರು ದುಡ್ಡು ಹೊಂದಿಸಲು ಶುರು ಮಾಡಿಬಿಟ್ಟಿದ್ದರು. ಡಾಕ್ಟರಮ್ಮ ತಡೆದರು. "ಸ್ವಲ್ಪ ತಾಳಿ. ಏನೂ ಕಾಯಿಲೆ ಇಲ್ಲದ ನೂರು ಜನರ ತಲೆ ಸ್ಕ್ಯಾನ್ ಮಾಡಿದರೂ ಸುಮಾರು ಹತ್ತು ಜನರಲ್ಲಿ ಇಂಥ ಚುಕ್ಕೆ ಕಾಣುತ್ತೆ. ಇದೇ ಕಳ್ಳ ಅಂತ ಹೇಗೆ ಹೇಳೋದು? ನಿಮ್ಮ ಪೊಟ್ಯಾಸಿಯಂ ಇಷ್ಟು ಇಳಿದಿರೋದು, ಡೆಕ್ಸಾ 8 ಮಿ.ಗ್ರಾಂ ಕೊಟ್ಟರೂ ಕಾರ್ಟಿಸಾಲ್ ಬಗ್ಗದೇ ಇರೋದು ನನಗೆ ಸರಿ ಕಾಣ್ತಿಲ್ಲ." ಆ ಒಂದು ಮಾತಿಗೆ ನಾನು ಜೀವನಪೂರ್ತಿ ಋಣಿ. ಅವತ್ತು ಅವರು ತಡೆಯದಿದ್ದರೆ ತಪ್ಪಿಲ್ಲದ ಗ್ರಂಥಿಗೆ ಕತ್ತರಿ ಬೀಳುತ್ತಿತ್ತು.

ಎಸಿಟಿಎಚ್ ತಲೆಯಿಂದಲೇ ಬರುತ್ತಿದೆಯಾ ಅಂತ ನೇರವಾಗಿ ನೋಡುವ ಒಂದು ಪರೀಕ್ಷೆ ಇದೆ. ಪಿಟ್ಯುಟರಿಯಿಂದ ರಕ್ತ ಹೊರಗೆ ಹರಿದು ಬರುವ ಎರಡು ಸಣ್ಣ ನಾಳಗಳು ತಲೆಬುರುಡೆಯ ಬುಡದಲ್ಲಿವೆ, ಎಡಕ್ಕೊಂದು ಬಲಕ್ಕೊಂದು. ಪೆಟ್ರೋಸಲ್ ಸೈನಸ್ ಅನ್ನುತ್ತಾರೆ. ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಹೃದಯದ ಮೂಲಕ ದಾಟಿಸಿ, ಕುತ್ತಿಗೆ ಹತ್ತಿಸಿ ಅಲ್ಲಿಯವರೆಗೆ ಒಯ್ಯುತ್ತಾರೆ. ಎಚ್ಚರವಿದ್ದಾಗಲೇ. ನಾನು ಮಲಗಿದ್ದ ಕೋಣೆ ತುಂಬಾ ತಣ್ಣಗಿತ್ತು. ತೊಡೆಯ ಹತ್ತಿರ ಮರಗಟ್ಟುವ ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು. ಆದರೆ ಕೊಳವೆ ಮೇಲೆ ಹೋದಾಗ ಕಿವಿಯ ಹಿಂದೆ ಯಾರೋ ಒಣ ಎಲೆ ಮುರಿದ ಹಾಗೆ ಸಪ್ಪಳ ಕೇಳಿಸಿತು. ಹೆದರಿದೆ. ನರ್ಸ್ ನನ್ನ ಹಣೆ ಮೇಲೆ ಕೈ ಇಟ್ಟರು. ಆಮೇಲೆ ಒಬ್ಬರು ಗಡಿಯಾರ ನೋಡಿ ನಿಮಿಷ ಕೂಗುವುದು, ಮೂವರು ಎಡ, ಬಲ, ಕೈ ಮೂರೂ ಕಡೆಯಿಂದ ಒಟ್ಟಿಗೇ ರಕ್ತ ಎಳೆಯುವುದು. ನಡುವೆ ಡೆಸ್ಮೋಪ್ರೆಸಿನ್ ಇಂಜೆಕ್ಷನ್. ಮತ್ತೆ ಮೂರನೇ ನಿಮಿಷ, ಐದನೇ ನಿಮಿಷ, ಹತ್ತನೇ ನಿಮಿಷ. ಐಸ್ ತುಂಬಿದ ಡಬ್ಬಿಯಲ್ಲಿ ಟ್ಯೂಬುಗಳು ಟಕಟಕ ಬೀಳುತ್ತಿದ್ದವು.

ತಲೆಯ ರಕ್ತದಲ್ಲಿ ಎಸಿಟಿಎಚ್ ಕೈಯ ರಕ್ತಕ್ಕಿಂತ ಎರಡು ಪಟ್ಟಾದರೂ ಇರಬೇಕು, ಇಂಜೆಕ್ಷನ್ ಆದಮೇಲೆ ಮೂರು ಪಟ್ಟು. ಆಗ ಕಳ್ಳ ಪಿಟ್ಯುಟರಿಯಲ್ಲಿ ಅಂತ ಲೆಕ್ಕ. ನನ್ನದರಲ್ಲಿ ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು. ತಲೆ ಸುಮ್ಮನಿತ್ತು. ಎಸಿಟಿಎಚ್ ಬೇರೆ ಎಲ್ಲಿಂದಲೋ ಬರುತ್ತಿತ್ತು.

ಅಂಥ ಬೇರೆ ಜಾಗಗಳಲ್ಲಿ ಮೊದಲು ಹುಡುಕುವುದು ಎದೆಯಲ್ಲಿ. ತೆಳು ಪದರಗಳ ಸಿಟಿ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದ ಕೆಳಭಾಗದಲ್ಲಿ, ಸರಿಯಾಗಿ ಹೃದಯದ ಹಿಂದೆ, 11 ಮಿ.ಮೀ. ಗಂಟು ಕಂಡಿತು. ಒಂದು ಶೇಂಗಾ ಬೀಜದಷ್ಟು. ಹೃದಯದ ನೆರಳಿನಲ್ಲಿ ಇದ್ದದ್ದಕ್ಕೆ ಊರಿನ ಎಕ್ಸ್-ರೇಯಲ್ಲಿ ಕಂಡಿರಲಿಲ್ಲ. ನನಗೆ ಕೆಮ್ಮು ಇರಲಿಲ್ಲ, ಉಬ್ಬಸ ಇರಲಿಲ್ಲ, ಎದೆನೋವು ಇರಲಿಲ್ಲ. ಬೀಡಿ ಸಿಗರೇಟಿನ ಹೊಗೆಯೂ ನಮ್ಮ ಮನೆಯಲ್ಲಿಲ್ಲ. ಹಳೆಯ ಟಿಬಿ ಗುರುತೂ ಇರಬಹುದಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಗ್ಯಾಲಿಯಂ ಡೋಟಾ ಪೆಟ್ ಸ್ಕ್ಯಾನ್ ಮಾಡಿಸಿದರು. ಈ ಜಾತಿಯ ಗಡ್ಡೆಗಳ ಜೀವಕೋಶದ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಅನ್ನುವ ಹಾರ್ಮೋನಿಗೆ ಅಂಟುವ ಜಾಗಗಳು ಜಾಸ್ತಿ ಇರುತ್ತವೆ. ಅಲ್ಲಿಗೇ ಹೋಗಿ ಅಂಟುವ ಔಷಧಕ್ಕೆ ವಿಕಿರಣ ಸೂಸುವ ಗ್ಯಾಲಿಯಂ ಕಟ್ಟಿ ರಕ್ತಕ್ಕೆ ಬಿಡುತ್ತಾರೆ, ಒಂದು ಗಂಟೆ ಕಾದು ಚಿತ್ರ ತೆಗೆಯುತ್ತಾರೆ. ಪರದೆಯ ಮೇಲೆ ಡಾಕ್ಟರಮ್ಮ ತೋರಿಸಿದರು. ಗುಲ್ಮ, ಕಿಡ್ನಿಗಳು ಎಲ್ಲರಲ್ಲೂ ಹೊಳೆಯುತ್ತವೆ, ಅವು ಹೊಳೆಯುತ್ತಿದ್ದವು. ಕಪ್ಪಗಿದ್ದ ಎದೆಯಲ್ಲಿ ಒಂದೇ ಒಂದು ಚುಕ್ಕೆ, ದೀಪದ ಕುಡಿಯಷ್ಟು. ಮನೆಯವರು ಅದನ್ನೇ ನೋಡುತ್ತಾ ನಿಂತರು. "ಇಷ್ಟs ಏನ್ರಿ ಮೇಡಂ?" ಅಂದರು.

ಅಷ್ಟೇ. ಅದರ ಹೆಸರು ಬ್ರಾಂಕಿಯಲ್ ಕಾರ್ಸಿನಾಯ್ಡ್. ಶ್ವಾಸಕೋಶದ ಗಡ್ಡೆಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ ಈ ಜಾತಿಯವು. ಅವುಗಳಲ್ಲೂ ಎಸಿಟಿಎಚ್ ತಯಾರಿಸುವವು ಬೆರಳೆಣಿಕೆ. ಶ್ವಾಸಕೋಶದಲ್ಲಿ ಸಣ್ಣ ಪ್ರಮಾಣದಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳು ನಮ್ಮೆಲ್ಲರಿಗೂ ಇವೆ ಅಂತ ನನಗೆ ಗೊತ್ತಿರಲಿಲ್ಲ. ಗಡ್ಡೆ ಹುಟ್ಟುವುದು ಅವುಗಳಿಂದ. ಯಾವ ಹಾರ್ಮೋನು ಕಲಿತುಕೊಂಡಿತು ಅನ್ನುವುದರ ಮೇಲೆ ಕಾಯಿಲೆ ಬದಲಾಗುತ್ತದೆ. ಬೆಳವಣಿಗೆಯ ಹಾರ್ಮೋನನ್ನು ಎಬ್ಬಿಸುವ ಸಂದೇಶ ಕಳಿಸಿದರೆ ದೊಡ್ಡವರ ಕೈ, ಪಾದ, ದವಡೆ ದಪ್ಪವಾಗುತ್ತವೆ. ಸೆರೊಟೋನಿನ್ ಸುರಿದರೆ ಮುಖ ಕೆಂಪಡರಿ ಭೇದಿ ಹತ್ತುತ್ತದೆ. ನಾನಿದ್ದ ವಾರ್ಡಿನ ಎದುರು ಕೋಣೆಯಲ್ಲಿ ಒಬ್ಬ ಅಜ್ಜ ಇದ್ದರು. ಮನೆಯವರ ಗುರುತು ಹತ್ತುತ್ತಿಲ್ಲ ಅಂತ ಕರೆದುಕೊಂಡು ಬಂದಿದ್ದರು. ಅವರದು ಬೇರೆ ಜಾತಿಯ, ಜೋರಾಗಿ ಬೆಳೆಯುವ ಶ್ವಾಸಕೋಶದ ಕ್ಯಾನ್ಸರ್. ಅದು ನೀರು ಹಿಡಿದಿಡುವ ಹಾರ್ಮೋನು ಬಿಡುತ್ತಿತ್ತು, ರಕ್ತದಲ್ಲಿ ಸೋಡಿಯಂ ಕುಸಿದು ಬುದ್ಧಿ ಮಂಕಾಗಿತ್ತು. ಮಗ ಬಾಟಲಿ ಹಿಡಿದು ನೀರು ಕುಡಿಸಲು ಹೋದರೆ ನರ್ಸ್ ಅಳತೆ ಲೋಟ ಕೊಟ್ಟು, ದಿನಕ್ಕೆ ಇಷ್ಟೇ ಅನ್ನುತ್ತಿದ್ದರು. ಅಪ್ಪನಿಗೆ ನೀರು ಕೊಡಬೇಡಿ ಅಂದರೆ ಯಾವ ಮಗನಿಗೆ ತಾನೆ ಅರ್ಥವಾಗುತ್ತೆ?

ಕುಶಿಂಗ್ ಅನ್ನುವುದು ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಮೆದುಳು ಸರ್ಜನ್ ಹೆಸರು. ಇಂಥ ಒಬ್ಬ ಹೆಂಗಸಿನ ಬಗ್ಗೆ ಅವರು 1912ರಲ್ಲಿ ಬರೆದಿದ್ದರು. ಪಿಟ್ಯುಟರಿ ಕಾರಣ ಅಂತ 1932ರಲ್ಲಿ ವಿವರವಾಗಿ ಬರೆದರು. ಆದರೆ ಅದಕ್ಕೂ ನಾಲ್ಕು ವರ್ಷ ಮುಂಚೆ, 1928ರಲ್ಲಿ, ಬ್ರೌನ್ ಎಂಬ ಇಂಗ್ಲಿಷ್ ಡಾಕ್ಟರು ಗಡ್ಡ ಬಂದ, ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದಾರೆ. ಅವಳಿಗೆ ಇದ್ದದ್ದು ಶ್ವಾಸಕೋಶದ ಕ್ಯಾನ್ಸರ್. ಎರಡಕ್ಕೂ ಸಂಬಂಧ ಇದೆ, ಗಡ್ಡೆಯೇ ಎಸಿಟಿಎಚ್ ತಯಾರಿಸುತ್ತೆ ಅಂತ ಗ್ರಾಂಟ್ ಲಿಡ್ಲ್ ಮತ್ತು ಜೊತೆಯವರು ತೋರಿಸಿದ್ದು 1960ರ ದಶಕದಲ್ಲಿ. ಇದನ್ನು ನನಗೆ ಹೇಳಿದ್ದು ವಾರ್ಡಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಆ ರಾತ್ರಿ ಬಹಳ ಹೊತ್ತು ಅವಳ ಬಗ್ಗೆಯೇ ಯೋಚಿಸಿದೆ. ಅವಳೂ ಬೆಳಗ್ಗೆ ಯಾರೂ ಏಳುವ ಮುಂಚೆ ಕನ್ನಡಿ ಹಿಡಿದಿರಬೇಕು ಅಲ್ವಾ.

ತಕ್ಷಣ ಆಪರೇಷನ್ ಮಾಡುವ ಹಾಗಿರಲಿಲ್ಲ. ಅಷ್ಟು ಕಾರ್ಟಿಸಾಲ್ ಇರುವ ಮೈಯಲ್ಲಿ ಗಾಯ ಮಾಯುವುದಿಲ್ಲ, ಸೋಂಕು ಬೇಗ ಹತ್ತುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಆರೇಳು ವಾರ ಅದನ್ನು ಇಳಿಸುವ ಕೆಲಸ ನಡೆಯಿತು. ಕೀಟೋಕೊನಜೋಲ್ ಕೊಟ್ಟರು. ತಲೆಹೊಟ್ಟಿನ ಶಾಂಪೂವಿನಲ್ಲಿ, ಹುಳುಕಡ್ಡಿ ಮುಲಾಮಿನಲ್ಲಿ ಇರುತ್ತಲ್ಲ, ಅದೇ. ಗುಳಿಗೆಯಾಗಿ ನುಂಗಿದರೆ ಅಡ್ರಿನಲ್‌ನ ಕೈ ಕಟ್ಟಿಹಾಕುತ್ತದೆ. ಲಿವರ್‌ಗೆ ಪೆಟ್ಟಾಗಬಹುದು ಅಂತ ವಾರವಾರ ರಕ್ತ ಪರೀಕ್ಷೆ. ಪೊಟ್ಯಾಸಿಯಂ ಸಿರಪ್ಪಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಹೊಟ್ಟೆಗೆ ದಿನಾ ರಕ್ತ ತೆಳು ಮಾಡುವ ಇಂಜೆಕ್ಷನ್. ಚುಚ್ಚಿದಲ್ಲೆಲ್ಲ ಅಂಗೈಯಗಲ ಕಪ್ಪು ಕಲೆ.

ಮನಸ್ಸಿನ ಮಾತು ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಆ ದಿನಗಳಲ್ಲಿ ನಾನು ನಾನಾಗಿರಲಿಲ್ಲ. ಒಂದು ರಾತ್ರಿ ಮಗಳು ಹಾಲಿನ ಲೋಟ ಬೀಳಿಸಿದ್ದಕ್ಕೆ ಮನೆಯೇ ನಡುಗುವ ಹಾಗೆ ಕಿರುಚಿದೆ. ಅವಳು ಹೆದರಿ ಮಂಚದ ಕೆಳಗೆ ಹೋಗಿ ಕೂತಳು. ಬಗ್ಗಿ ಅವಳನ್ನು ಕರೆಯಲು ನನಗೆ ಆಗುತ್ತಿರಲಿಲ್ಲ, ಬಗ್ಗಿದರೆ ಏಳಲಾಗುತ್ತಿರಲಿಲ್ಲ. ನಿಂತಲ್ಲೇ ಅತ್ತೆ. ಸತ್ತುಹೋದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನಿಸಿತು. ಡಾಕ್ಟರಮ್ಮನಿಗೆ ಹೇಳಿದಾಗ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಇದು ನಿಮ್ಮ ಸ್ವಭಾವ ಅಲ್ಲ, ಇದೂ ಕಾರ್ಟಿಸಾಲೇ, ಬಿಪಿ ಹೇಗೋ ಇದೂ ಹಾಗೇ, ಇದಕ್ಕೂ ಔಷಧ ಇದೆ ಅಂದರು. ಮನೋವೈದ್ಯರ ಹತ್ತಿರ ಕಳಿಸಿದರು. ಈ ಕಾಯಿಲೆ ಇರುವವರ ಮನೆಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇದೊಂದನ್ನು ನೆನಪಿಡಿ. ಅವರು ಬೇಕಂತಲೇ ಹಾಗೆ ಮಾಡುತ್ತಿಲ್ಲ.

ಈ ನಡುವೆ ಮೇ 10ರ ವಿಧಾನಸಭೆ ಚುನಾವಣೆಗೆ ಡ್ಯೂಟಿ ಆರ್ಡರ್ ಬಂತು. ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಮನೆಯವರೇ ಓಡಾಡಿ ಬಿಡಿಸಿಕೊಂಡು ಬಂದರು. ಮರುವಾರ, ಮೇ 17ಕ್ಕೆ, ಆಪರೇಷನ್ ಆಯಿತು.

ಎಡ ಶ್ವಾಸಕೋಶದಲ್ಲಿ ಎರಡು ಹಾಲೆಗಳಿವೆ. ಕೆಳಗಿನದನ್ನು ಪೂರ್ತಿ ತೆಗೆದರು, ಪಕ್ಕದ ದುಗ್ಧಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ಮಾಡಿದ್ದು. ಎಚ್ಚರವಾದಾಗ ಪಕ್ಕೆಯಿಂದ ಒಂದು ಕೊಳವೆ ಹೊರಟು ಮಂಚದ ಕೆಳಗಿನ ನೀರಿನ ಬಾಟಲಿಗೆ ಹೋಗಿತ್ತು. ಕೆಮ್ಮಿದರೆ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಮೂರು ಚೆಂಡು. ಉಸಿರೆಳೆದು ಅವನ್ನು ಮೇಲಕ್ಕೆತ್ತಬೇಕು. ಮೊದಲ ದಿನ ಒಂದು ಚೆಂಡೂ ಸರಿಯಾಗಿ ಏಳಲಿಲ್ಲ. ನಾಲ್ಕನೇ ದಿನ ಎರಡು ಎದ್ದವು, ಕೊಳವೆಯೂ ಹೊರಬಂತು.

ಆಪರೇಷನ್ನಿನ ಮರುದಿನ ಬೆಳಗಿನ ರಕ್ತದಲ್ಲಿ ಕಾರ್ಟಿಸಾಲ್ 1.1. ಡಾಕ್ಟರಮ್ಮ ನಗುತ್ತಾ ಬಂದು ನನ್ನ ಕೈ ಹಿಡಿದುಕೊಂಡರು. ಬೇರೆಯವರಿಗೆ ಅಷ್ಟು ಕಡಿಮೆ ಬಂದರೆ ಗಾಬರಿ ಪಡಬೇಕು, ನಿಮಗೆ ಬಂದರೆ ಗಡ್ಡೆ ಪೂರ್ತಿ ಹೋಗಿದೆ ಅಂತ ಅರ್ಥ ಅಂದರು. ಬಯಾಪ್ಸಿಯಲ್ಲಿ ಟಿಪಿಕಲ್ ಕಾರ್ಸಿನಾಯ್ಡ್ ಅಂತ ಬಂತು, ದುಗ್ಧಗ್ರಂಥಿಗಳು ಶುದ್ಧ. ಕಾರ್ಸಿನಾಯ್ಡ್ ಅಂದರೆ ಕ್ಯಾನ್ಸರಿನಂಥದ್ದು ಅಂತ ಅರ್ಥ, 1907ರಲ್ಲಿ ಓಬರ್ನ್‌ಡಾರ್ಫರ್ ಎಂಬ ಜರ್ಮನ್ ವೈದ್ಯರು ಇಟ್ಟ ಹೆಸರು. ಕ್ಯಾನ್ಸರಾ ಅಲ್ವಾ ಅಂತ ನಮ್ಮವ್ವ ಹತ್ತು ಸಲ ಕೇಳಿದಳು. ಹೌದು, ಆದರೆ ನಿಧಾನವಾಗಿ ಬೆಳೆಯುವ ಜಾತಿ, ಪೂರ್ತಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ, ಕೀಮೋ ಬೇಡ ಅಂತ ಸರ್ಜನ್ ಅವಳನ್ನು ಕೂರಿಸಿಕೊಂಡು ಹೇಳಿದರು.

ಇಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ವರ್ಷ ಎಸಿಟಿಎಚ್ ಗಡ್ಡೆಯಿಂದ ಬಂದಿದ್ದಕ್ಕೆ ನನ್ನ ಪಿಟ್ಯುಟರಿ ಕೆಲಸವನ್ನೇ ಮರೆತಿತ್ತು. ಇಷ್ಟು ದಿನ ಯಾವುದು ಜಾಸ್ತಿ ಇತ್ತೋ ಅದನ್ನೇ ಈಗ ಗುಳಿಗೆಯಾಗಿ ನುಂಗಬೇಕಾಯಿತು: ಹೈಡ್ರೊಕಾರ್ಟಿಸೋನ್, ದಿನಕ್ಕೆ ಮೂರು ಹೊತ್ತು. ಮಿತಿಮೀರಿದ ಕಾರ್ಟಿಸಾಲಿಗೆ ಒಗ್ಗಿದ ಮೈಗೆ ಅದು ಸಾಲುತ್ತಿರಲಿಲ್ಲ. ಗೆಣ್ಣು ಗೆಣ್ಣು ನೋವು. ಅಂಗಾಲು, ಮುಖದ ಚರ್ಮ ಪದರ ಪದರವಾಗಿ ಸುಲಿಯಿತು. ವಾಕರಿಕೆ. ಮಧ್ಯಾಹ್ನ ಮೂರಾದರೆ ಗೋಣಿಚೀಲದ ಹಾಗೆ ಬೀಳುತ್ತಿದ್ದೆ. ಕಾಯಿಲೆ ಇದ್ದಾಗಿಗಿಂತ ಗುಣವಾಗುವಾಗ ಜಾಸ್ತಿ ಕಷ್ಟ ಪಟ್ಟೆ. ಡಾಕ್ಟರಮ್ಮ ಮುಂಚೆಯೇ ಹೇಳಿದ್ದರು, ಆದರೆ ಆಗ ನನ್ನ ಕಿವಿ ಆಪರೇಷನ್ ಅನ್ನುವ ಒಂದೇ ಮಾತಿನ ಮೇಲಿತ್ತು.

ಜ್ವರ ಬಂದರೆ ಡೋಸ್ ಎರಡರಷ್ಟು ಮಾಡಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ 100 ಮಿ.ಗ್ರಾಂ ಇಂಜೆಕ್ಷನ್ ತಗೊಂಡು ಆಸ್ಪತ್ರೆಗೆ ಓಡಬೇಕು. ನಮ್ಮ ಮನೆಯವರಿಗೆ ನರ್ಸ್ ಮೋಸಂಬಿಗೆ ಚುಚ್ಚಿಸಿ ಕಲಿಸಿದರು. 2024ರ ಯುಗಾದಿಯ ದಿನ ಅದು ಕೆಲಸಕ್ಕೆ ಬಂತು. ಬೆಳಗಿನಿಂದ ವಾಂತಿ, ಮಧ್ಯಾಹ್ನ ಕಣ್ಣು ಕತ್ತಲೆ. ಅವರ ಕೈ ನಡುಗುತ್ತಿತ್ತು, ಆದರೂ ತೊಡೆಗೆ ಚುಚ್ಚಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾನು ಮಾತಾಡುತ್ತಿದ್ದೆ. ಅಲ್ಲಿನವರು ಬರೀ ಸಲೈನ್ ಹಾಕಲು ಹೊರಟಾಗ ಪರ್ಸಿನಿಂದ ಸ್ಟೀರಾಯ್ಡ್ ಕಾರ್ಡ್ ತೆಗೆದು ಮುಂದೆ ಹಿಡಿದದ್ದು ಮಗಳು.

ಡೋಸ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದು, 2024ರ ಆಗಸ್ಟಿನಲ್ಲಿ ಹೈಡ್ರೊಕಾರ್ಟಿಸೋನ್ ಪೂರ್ತಿ ನಿಂತಿತು. ಶುಗರ್ ಗುಳಿಗೆ ಮೊದಲ ತಿಂಗಳಿನಲ್ಲೇ ನಿಂತಿತ್ತು. ಬಿಪಿಯದು ಒಂದು ಈಗಲೂ ಇದೆ. ಮುಟ್ಟು ಎಂಟನೇ ತಿಂಗಳಿಗೆ ಬಂತು. ಬೆನ್ನಿನ ಎರಡು ಎಲುಬು ಆ ದಿನಗಳಲ್ಲೇ ಕುಗ್ಗಿವೆ, ಅವು ಸರಿಯಾಗುವುದಿಲ್ಲ. ಭಾರ ಎತ್ತುವ ಹಾಗಿಲ್ಲ. ಹೊಟ್ಟೆಯ ಗೆರೆಗಳು ಬೆಳ್ಳಗಾಗಿವೆ. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನ್. ನೆಲದ ಮೇಲಿಂದ ಕೈ ಊರದೆ ಏಳುತ್ತೇನೆ.

ಹೋದ ವಾರ ಪಕ್ಕದ ಊರಿನಿಂದ ಒಬ್ಬ ಹಿರಿಯ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದರು. ದುಂಡು ಮುಖ, ಸಣ್ಣ ಕಾಲು, ಕೈತುಂಬಾ ನೀಲಿ ಕಲೆ. ನಿಮಗಾದ ಕಾಯಿಲೆ ನನಗೂ ಆಗಿದೆಯಾ ನೋಡಿ ಅಂದರು. ಏನು ಔಷಧ ತಗೊಳ್ತೀರಿ ಅಂತ ಕೇಳಿದೆ. ಸೆರಗಿನ ಗಂಟು ಬಿಚ್ಚಿ, ಕಾಗದದಲ್ಲಿ ಸುತ್ತಿದ ಬಿಳಿ ಗುಳಿಗೆಗಳನ್ನು ಮೇಜಿನ ಮೇಲಿಟ್ಟರು. ಮಂಡಿನೋವಿಗೆ ಮೂರು ವರ್ಷದಿಂದ ನುಂಗುತ್ತಿದ್ದಾರೆ, ಯಾರು ಬರೆದುಕೊಟ್ಟದ್ದೋ ಗೊತ್ತಿಲ್ಲ. ಹೆದರಿ ನಾಳೆಯಿಂದಲೇ ಬಿಟ್ಟುಬಿಡುತ್ತೇನೆ ಅಂದರು. "ಬ್ಯಾಡ್ರೀ ಯವ್ವಾ, ಒಮ್ಮಿಗೇ ಬಿಡಬ್ಯಾಡ್ರಿ. ಅದು ಸ್ಟೀರಾಯ್ಡ್ ಇದ್ದರ, ಬಿಟ್ಟರ ಜೀವಕ್ಕ ಅಪಾಯ ಐತಿ. ಡಾಕ್ಟರ್ ಹೇಳಿದಂಗ ಸಾವಕಾಶ ಇಳಸಬೇಕು" ಅಂತ ಕೈ ಹಿಡಿದು ಹೇಳಿದೆ. ಸೋಮವಾರ ರಜೆ ಹಾಕಿದ್ದೇನೆ. ಹುಬ್ಬಳ್ಳಿಯ ಅದೇ ಡಾಕ್ಟರ ಹತ್ತಿರ ಅವರನ್ನು ಕರೆದುಕೊಂಡು ಹೋಗುತ್ತೇನೆ. ಮೂರು ವರ್ಷದ ಹಿಂದಿನ ಫೋಟೋ ಮನೆಯಲ್ಲಿ ಯಾವುದಾದರೂ ಇದ್ದರೆ ತರಲು ಹೇಳಿದ್ದೇನೆ.